ನಿಂತ ಹೃದಯ ಮತ್ತು ತಂಪಿನ ಚಿಕಿತ್ಸೆ



ಹೊಲದಲ್ಲಿ ಯಾರಾದರೂ ತಟ್ಟನೆ ಕುಸಿದು ಬಿದ್ದರೆ ನಾವು ಮೊದಲು ಓಡುವುದು ನೀರಿನ ಕೊಡದ ಕಡೆಗೆ. ಹೃದಯ ನಿಂತವರಿಗೆ ತಣ್ಣೀರು ಎರಚಿದರೆ ಫಲವಿಲ್ಲ. ಹಾಗಾದರೆ ದೊಡ್ಡ ಆಸ್ಪತ್ರೆಗಳಲ್ಲಿ ಇಂಥವರ ಮೈಯನ್ನು ತಂಪು ಮಾಡುವುದೇಕೆ? ಇದನ್ನು ಸರಿಯಾಗಿ ತಿಳಿದಿರುವುದು ಒಳ್ಳೆಯದು.

ಹೃದಯ ನಿಂತರೆ ಮಿದುಳಿಗೆ ರಕ್ತವಿಲ್ಲ. ಕೆಲವೇ ನಿಮಿಷಗಳಲ್ಲಿ ಅದು ಕೆಡತೊಡಗುತ್ತದೆ. ಹೃದಯ ಮತ್ತೆ ಬಡಿದರೂ ಆ ಕೇಡು ಅಲ್ಲಿಗೇ ನಿಲ್ಲುವುದಿಲ್ಲ. ಜ್ವರ ಬಂದರೆ ಇನ್ನೂ ಹೆಚ್ಚಬಹುದು. ಮೈ ತಂಪಾದಷ್ಟೂ ಮಿದುಳಿಗೆ ಬೇಕಾಗುವ ಪ್ರಾಣವಾಯು ಕಡಿಮೆ. ಈ ಚಿಕಿತ್ಸೆಯ ಮೂಲ ಇದೇ.

ಹೃದಯ ಮತ್ತೆ ಬಡಿದರೂ ಎಚ್ಚರವಾಗದ ರೋಗಿಗಳ ಮೈಯನ್ನು ಯೂರೋಪು ಮತ್ತು ಆಸ್ಟ್ರೇಲಿಯದ ವೈದ್ಯರು ಸುಮಾರು 33 ಡಿಗ್ರಿ ಸೆಂಟಿಗ್ರೇಡಿಗೆ ಇಳಿಸಿ, 12ರಿಂದ 24 ಗಂಟೆ ಇರಿಸಿ ನೋಡಿದರು. 2002ರಲ್ಲಿ ಪ್ರಕಟವಾದ ಅವರ ವರದಿಗಳು ಒಳ್ಳೆಯ ಫಲವನ್ನು ತೋರಿಸಿದವು. ಆದರೆ 2013 ಮತ್ತು 2021ರ ದೊಡ್ಡ ಪ್ರಯೋಗಗಳಲ್ಲಿ ಅಷ್ಟು ತಂಪಿನಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆದುದರಿಂದ ಈಗ ಅನೇಕ ವೈದ್ಯರು ಮೈಶಾಖ 37.5 ಡಿಗ್ರಿ ಮೀರದಂತೆ ಕಾಯುವುದಕ್ಕೇ ಹೆಚ್ಚು ಗಮನ ಕೊಡುತ್ತಾರೆ.

ಇದಕ್ಕೆ ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಮಂಜುಗಡ್ಡೆಯ ಚೀಲ ಇಡುವುದುಂಟು. ತಣ್ಣೀರು ಹರಿಯುವ ಹೊದಿಕೆ ಹೊದಿಸುವುದುಂಟು. ರಕ್ತನಾಳದೊಳಗೆ ತಂಪಿನ ಕೊಳವೆ ಇಳಿಸುವುದೂ ಉಂಟು. ರೋಗಿ ನಡುಗದಂತೆ ಔಷಧಿ ಕೊಟ್ಟು, ದೇಹದೊಳಗಿನ ಶಾಖವನ್ನು ಎಡೆಬಿಡದೆ ಅಳೆಯುತ್ತಿರಬೇಕು. ತಂಪು ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಆದುದರಿಂದ ಇದು ಮನೆಯಲ್ಲಾಗಲಿ ಹೊಲದಲ್ಲಾಗಲಿ ಮಾಡತಕ್ಕ ಕೆಲಸವಲ್ಲ.

ಹಾಗಾದರೆ ನಾವು ಮಾಡತಕ್ಕದ್ದೇನು? ಬಿದ್ದವರು ಕರೆದರೆ ಓಗೊಡದಿದ್ದರೆ, ಉಸಿರಿಲ್ಲದಿದ್ದರೆ ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿಬಿಟ್ಟು ಎಳೆಯುತ್ತಿದ್ದರೆ:

1. ಒಬ್ಬರು ಕೂಡಲೇ 108ಕ್ಕೆ ಫೋನು ಮಾಡಿ.
2. ಇನ್ನೊಬ್ಬರು ಅವರನ್ನು ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವೆ ಅಂಗೈಯ ಬುಡವನ್ನೂರಿ, ಅದರ ಮೇಲೆ ಇನ್ನೊಂದು ಕೈಯಿಟ್ಟು, ಎರಡು ಅಂಗುಲ ಆಳಕ್ಕೆ ಒತ್ತಿ ಬಿಡಿ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು.
3. ದಣಿದರೆ ಕೈ ಬದಲಾಯಿಸಿ. ಒತ್ತುವುದನ್ನು ಮಾತ್ರ ನಿಲ್ಲಿಸಬೇಡಿ.
4. ಬಾಯಿಗೆ ನೀರು ಹಾಕಬೇಡಿ.

ಬಿಸಿಲಿನ ಹೊಡೆತಕ್ಕೆ ಮೈ ಸುಡುತ್ತಿದ್ದು, ಉಸಿರಾಡುತ್ತಿರುವವರ ಮಾತು ಬೇರೆ. ಅವರನ್ನು ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತ 108ಕ್ಕೆ ತಿಳಿಸಿ.

ಆಸ್ಪತ್ರೆಯ ಚಿಕಿತ್ಸೆ ಉಳಿದಿರುವ ಮಿದುಳನ್ನು ಕಾಯಬಲ್ಲದು. ಅದನ್ನು ಅಲ್ಲಿಯವರೆಗೆ ಉಳಿಸುವುದು ನಿಮ್ಮ ಎರಡು ಕೈಗಳು. ಇದನ್ನು ಓದಲು ಬಾರದ ನೆರೆಹೊರೆಯವರಿಗೂ ತಿಳಿಸಿ.