ಕೊಕ್ಕೆಕೋಲು ಮನೆಯಲ್ಲೇ ಇರಲಿ

ಜನವರಿ, ಆಗಸ್ಟ್ ಬಂತೆಂದರೆ ಜಾಲಹಳ್ಳಿಯ ನೀವೆಲ್ಲ ಮೆಟ್ರೊ ಹತ್ತಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೊರಡುತ್ತೀರಿ. ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಇಲ್ಲೇ ಮತ್ತಿಕೆರೆಯ ಜೆ.ಪಿ. ಪಾರ್ಕಿನ ಕೆರೆಯಂಚಿನಲ್ಲಿ ವರ್ಷವಿಡೀ ಟಿಕೆಟ್ಟಿಲ್ಲದ ಪ್ರದರ್ಶನ ನಡೆದರೆ ಕತ್ತೆತ್ತಿ ನೋಡುವುದಿಲ್ಲವಲ್ಲ! ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕೃಂಬಿಗಲ್ ಅವರು ಒಂದು ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕೆಂದು ಲೆಕ್ಕ ಹಾಕಿ ಈ ಊರಿಗೆ ಮರ ಹಾಕಿಸಿದವರು. ಆ ಲೆಕ್ಕ ಇವತ್ತಿಗೂ ನಡೆದಿದೆ. ಚಳಿ ಇಳಿಯುವಾಗ ಗುಲಾಬಿ ತಬೂಬಿಯಾ, ಮಾರ್ಚಿನಲ್ಲಿ ನೇರಳೆ ಜಕರಂಡ, ಯುಗಾದಿ ಹೊತ್ತಿಗೆ ಹೊಂಗೆಯ ಎಳೆಚಿಗುರು, ಮೇ ತಿಂಗಳಿಗೆ ಗುಲ್‌ಮೊಹರ್, ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆ. ವಾಕಿಂಗಿಗೆ ಬಂದಾಗ ಫೋನು ಜೇಬಿನಲ್ಲಿದ್ದರೆ ಇಷ್ಟೂ ಕಣ್ಣಿಗೆ ಬೀಳುತ್ತದೆ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಬೆಳಗಿನ ಐದೂವರೆಗೆ ಮಂಕಿ ಟೋಪಿ ಹಾಕಿಕೊಂಡು, ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರ್, ಇನ್ನೊಂದರಲ್ಲಿ ಕೊಕ್ಕೆಕೋಲು ಹಿಡಿದು ಬರುವವರು ಯಾರೋ ಕಳ್ಳರಲ್ಲ, ನಮ್ಮ ನಿಮ್ಮಂಥ ಭಕ್ತರೇ. ಕಣಗಿಲೆ, ನಂದಿಬಟ್ಟಲು, ದಾಸವಾಳ ಯಾವುದನ್ನೂ ಬಿಡುವುದಿಲ್ಲ. ನಾಳೆಗೆ ಬೇಕೆಂದು ಮೊಗ್ಗೂ ಕವರಿಗೆ. ಕೊಕ್ಕೆ ಎಳೆದ ಏಟಿಗೆ ಕೊಂಬೆ ಸೀಳಿ ಸಿಪ್ಪೆ ಜೋತಾಡುತ್ತಿರುತ್ತದೆ. ಬಿಸಿಲೇರಿದ ಮೇಲೆ ಮಕರಂದಕ್ಕೆ ಬಂದ ಸೂರಕ್ಕಿ ಬರೀ ತೊಟ್ಟಿನ ಸುತ್ತ ಎರಡು ಸುತ್ತು ಹಾರಿ ಹೊರಟುಹೋಗುತ್ತದೆ. ಅತ್ತೆಯ ಒಡವೆ ಅಳಿಯ ದಾನ ಮಾಡಿದ ಹಾಗಲ್ಲವೇ ಈ ಪೂಜೆ? ದೇವರಿಗೆ ಹೂ ಬೇಕೇ ಬೇಕೆಂದರೆ ಬಾಲ್ಕನಿಯಲ್ಲಿ ಒಂದು ಕುಂಡ ಇಟ್ಟು ನಂದಿಬಟ್ಟಲು ಬೆಳೆಸಿ. ಇಲ್ಲವೇ ಪಾರಿಜಾತದ ಕಾಲ ಬರಲಿ, ನೆಲಕ್ಕೆ ಬಿದ್ದರೂ ದೇವರಿಗೆ ಏರಿಸಬಹುದಾದ ಹೂ ಅದು. ಧಾರಾಳವಾಗಿ ಆರಿಸಿಕೊಳ್ಳಿ, ಗಿಡ ಅಲುಗಿಸಬೇಡಿ.

ಇನ್ನು ಕೆರೆಯಂಚಿನ ಜೊಂಡು. ಅದನ್ನು ಕಂಡರೆ ಸಾಕು, ‘ಗಲೀಜು, ಕ್ಲೀನ್ ಮಾಡಿಸಿ’ ಅನ್ನುತ್ತೀರಿ. ಜಂಬುಕೋಳಿ ಗೂಡು ಕಟ್ಟಿ ಮರಿ ಮಾಡುವುದು ಅದರ ಮರೆಯಲ್ಲೇ. ನೀರಿನಲ್ಲಿ ಹೆಚ್ಚಾದ ಸಾರವನ್ನು ಹೀರುವುದೂ ಅದರ ಬೇರೇ. ನೀರಿನ ಮೇಲೆ ಹಾಸಿಕೊಂಡು ತೇಲುವ ಅಂತರಗಂಗೆಯ ಮಾತು ಬೇರೆ. ಅದು ಚರಂಡಿ ನೀರಿನಿಂದ ಕೊಬ್ಬುತ್ತದೆ, ಕೆರೆಯ ಉಸಿರು ಕಟ್ಟಿಸುತ್ತದೆ, ತೆಗೆಸಲೇಬೇಕು. ಎರಡಕ್ಕೂ ಒಂದೇ ಮಂತ್ರ ಹಾಕಬೇಡಿ.

ಮೀನಿಗೆ ಬ್ರೆಡ್ಡು, ಮಂಡಕ್ಕಿ ಎಸೆಯುವುದನ್ನೂ ಬಿಡಿ. ಪುಣ್ಯವೆಂದು ಎಸೆದದ್ದು ಕೊಳೆತು ನೀರಿನ ಆಮ್ಲಜನಕವನ್ನೇ ತಿನ್ನುತ್ತದೆ. ಒಣಗಿದ ಎಲೆಗೆ ಯಾರಾದರೂ ಕಡ್ಡಿ ಗೀರಿದರೆ ಸುಮ್ಮನೆ ದಾಟಿ ಹೋಗದೆ ತಡೆಯಿರಿ, ಗಿಡದ ಬುಡಕ್ಕೆ ಅದೇ ಗೊಬ್ಬರ.

ಬರೀ ಸಿಟ್ಟಿನಿಂದ ಹೇಳುತ್ತಿಲ್ಲ, ನೀವು ಕೇಳುವವರೆಂದೇ ಹೇಳುತ್ತಿದ್ದೇನೆ. ನಾಳೆ ಬೆಳಿಗ್ಗೆ ಬರಿಗೈಯಲ್ಲಿ ಬನ್ನಿ. ಕೊಕ್ಕೆಕೋಲನ್ನು ಎಸೆಯುವುದೇನೂ ಬೇಡ, ಮನೆಯ ನುಗ್ಗೆಕಾಯಿ ಕೀಳುವುದಕ್ಕೆ ಬೇಕಾಗುತ್ತದೆ.