ಮೊದಲು ಕೂಡು, ಆಮೇಲೆ ಜೋಡಿಸು

ನಿನ್ನ ಬೆರಳು ಕೀಬೋರ್ಡ್ ಮೇಲೆ ಓಡುವುದನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು ಕಣೋ. ಆದರೆ ಎಸ್‌ಕ್ಯೂಎಲ್ ಬರೆಯುವಾಗ ಹಿಂದೆಮುಂದೆ ನೋಡದೆ ಜಾಯಿನ್ ಹಾಕುತ್ತೀಯಲ್ಲ, ಆಗ ಮಾತ್ರ ಕಿವಿ ಹಿಂಡೋಣ ಅನ್ನಿಸುತ್ತದೆ.

ಊರಿನ ಹಾಲಿನ ಡೈರಿಯ ಲೆಕ್ಕವನ್ನೇ ತಗೋ. ಒಂದು ಟೇಬಲ್‌ನಲ್ಲಿ ಸದಸ್ಯರು ಹಾಕಿದ ಹಾಲು, ಇನ್ನೊಂದರಲ್ಲಿ ಅವರು ಒಯ್ದ ಹಿಂಡಿ. ಒಬ್ಬಾಕೆ 30 ದಿನ ಎರಡು ಹೊತ್ತೂ ಹಾಲು ಹಾಕಿದ್ದಾಳೆ, 60 ಸಾಲು. ಹಿಂಡಿ ತಗೊಂಡಿದ್ದು ಎರಡೇ ಸಲ, 2 ಸಾಲು. ನೀನು ಸದಸ್ಯ ಸಂಖ್ಯೆ ಹಿಡಿದು ಎರಡನ್ನೂ ಗಂಟು ಹಾಕಿ, ಆಮೇಲೆ ಗ್ರೂಪ್ ಬೈ ಅಂದೆ. ಒಳಗೆ 120 ಸಾಲು ಹುಟ್ಟಿಕೊಂಡವು. ಹಸುವಿಗೇ ಗೊತ್ತಿಲ್ಲದೆ ಹಾಲು ಇಮ್ಮಡಿಯಾಯಿತು. ಹಿಂಡಿಯ ಬಾಕಿ 60 ಪಟ್ಟು! ಬಟವಾಡೆ ದಿನ ಆಕೆ ನಿನ್ನನ್ನು ಹುಡುಕಿಕೊಂಡು ಬರದೆ ಇರುತ್ತಾಳಾ?

ಆಗ ನೀನು ಮಾಡುವ ಕಿತಾಪತಿಯೂ ಗೊತ್ತು, ಸಮ್ ಒಳಗೆ ಡಿಸ್ಟಿಂಕ್ಟ್ ತುರುಕುತ್ತೀಯ. ಬೇಡ ಮಗು. ಬೆಳಗ್ಗೆ 6 ಲೀಟರ್, ಸಂಜೆಯೂ 6 ಲೀಟರ್ ಹಾಕಿದ್ದರೆ ಅದು ಒಂದನ್ನು ನುಂಗಿ ಸುಮ್ಮನಾಗುತ್ತದೆ. ಹೆಚ್ಚು ತೋರಿಸಿದ್ದಕ್ಕೆ ಬೈಸಿಕೊಂಡವನು ಈಗ ಕಮ್ಮಿ ತೋರಿಸಿದ್ದಕ್ಕೆ ಬೈಸಿಕೊಳ್ಳುತ್ತೀಯ.

ಹಾಲನ್ನು ಅದರ ಪಾಡಿಗೆ ಗ್ರೂಪ್ ಮಾಡು, ಹಿಂಡಿಯನ್ನು ಅದರ ಪಾಡಿಗೆ. ವಿತ್ ಬಳಸಿ ಎರಡಕ್ಕೂ ಒಂದೊಂದು ಹೆಸರಿಡು. ತಲೆಗೊಂದೇ ಸಾಲು ಉಳಿದ ಮೇಲೆ ಜೋಡಿಸು. ಮೈಎಸ್‌ಕ್ಯೂಎಲ್ ಕೂಡ 8.0ರಿಂದ ವಿತ್ ಒಪ್ಪುತ್ತದೆ. ಅದಕ್ಕಿಂತ ಹಳೆಯದಾದರೆ ಸಬ್‌ಕ್ವೆರಿ ಬರೆ, ಕೈಯೇನೂ ಸವೆಯುವುದಿಲ್ಲ.

ಜೋಡಿಸುವಾಗ ಸದಸ್ಯರ ಪಟ್ಟಿಯಿಂದಲೇ ಹೊರಡು, ಎರಡು ಮೊತ್ತಗಳನ್ನೂ ಅದಕ್ಕೆ ಲೆಫ್ಟ್ ಜಾಯಿನ್ ಮಾಡು. ಇನ್ನರ್ ಜಾಯಿನ್ ಹಾಕಿದೆಯೋ, ಹಿಂಡಿ ಕೊಳ್ಳದವರೆಲ್ಲ ಸದ್ದಿಲ್ಲದೆ ಮಾಯ. ಲೆಫ್ಟ್ ಜಾಯಿನ್ ಅವರನ್ನು ಉಳಿಸುತ್ತದೆ, ಸರಿ. ಆದರೆ ಹಿಂಡಿಯ ಜಾಗದಲ್ಲಿ ನಲ್ ಕೂತಿರುತ್ತದೆ. ಹಾಲಿನ ದುಡ್ಡಿನಿಂದ ನಲ್ ಕಳೆದರೆ ಉಳಿಯುವುದೂ ನಲ್ಲೇ. ಸಾಲವೇ ಮಾಡದವರಿಗೆ ಬಟವಾಡೆಯೂ ಇಲ್ಲ, ಇದಾವ ನ್ಯಾಯ? ಕೋಅಲೆಸ್ ಹಾಕಿ ಸೊನ್ನೆ ಮಾಡು.

ಎರಡು ಊರಿನ ಮೊತ್ತಗಳನ್ನು ಒಂದರ ಕೆಳಗೊಂದು ಇಡುವುದಾದರೆ ಯೂನಿಯನ್ ಆಲ್ ಬೇಕು. ಬರೀ ಯೂನಿಯನ್ ಅಂದರೆ, ಎರಡು ಸಾಲು ತದ್ರೂಪವಾಗಿದ್ದಾಗ ಒಂದನ್ನು ಕಿತ್ತೆಸೆಯುತ್ತದೆ.

ವರದಿ ಕಳಿಸುವ ಮುಂಚೆ ಹಾಲಿನ ಟೇಬಲ್‌ನ ಒಟ್ಟು ಲೀಟರನ್ನು ಬೇರೆಯೇ ಕೂಡಿ, ನಿನ್ನ ಪಟ್ಟಿಯ ಕೊನೆಯ ಮೊತ್ತದ ಪಕ್ಕ ಇಟ್ಟು ನೋಡು. ಅಷ್ಟಕ್ಕೂ ಪುರುಸೊತ್ತಿಲ್ಲವೇ? ಒಬ್ಬ ಸದಸ್ಯೆಯ ಪಾಸ್‌ಬುಕ್ ತರಿಸಿಕೊಂಡು ಅದೊಂದನ್ನಾದರೂ ತಾಳೆ ಹಾಕು.