ಜೇಬಿನಲ್ಲೊಂದು ಪೀಪಿ ಇರಲಿ

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಬೆಟ್ಟಗಳಿಗೆ ‘ಫೆಲ್’ ಎನ್ನುತ್ತಾರೆ. ದೇಶದಲ್ಲೇ ಎತ್ತರದ ಸ್ಕಾಫೆಲ್ ಪೈಕ್ 978 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟು. ‘ಇಷ್ಟೇನಾ!’ ಎಂದು ಉಡಾಫೆ ಮಾಡಬೇಡಿ. ಬಿಸಿಲಿನಲ್ಲಿ ಹೊರಟವರನ್ನು ಮಂಜು ಕ್ಷಣದಲ್ಲಿ ನುಂಗಿಬಿಡುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು ಕವಿಯುತ್ತದೆ.

ದಾರಿ ತಪ್ಪಿದರೆ, ಕಾಲು ಉಳುಕಿದರೆ 999ಕ್ಕೆ ಕರೆ ಮಾಡಿ. ಮೊದಲು ‘ಪೊಲೀಸ್’, ಆಮೇಲೆ ‘ಮೌಂಟನ್ ರೆಸ್ಕ್ಯೂ’ ಎಂದು ಕೇಳಿ. ಇರುವ ಜಾಗ, ಜೊತೆಗಿರುವವರ ಸಂಖ್ಯೆ, ಆದ ಪೆಟ್ಟು ತಿಳಿಸಿ. ನೆರವು ಬರುವವರೆಗೆ ಅಲೆದಾಡದೆ ಬೆಚ್ಚಗೆ ಕೂತಿರಿ. ಸಿಗ್ನಲ್ ಸಿಗದಿದ್ದರೆ ಒಂದು ನಿಮಿಷದಲ್ಲಿ ಆರು ಸಲ ಪೀಪಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ. ಉತ್ತರವಾಗಿ ಮೂರು ಸಲ ಪೀಪಿ ಕೇಳಿಸಿದರೆ ನೆರವಿನವರಿಗೆ ನಿಮ್ಮ ಕೂಗು ಮುಟ್ಟಿದೆ ಎಂದರ್ಥ.

ಹಾಗೆ ಬರುವವರು ಸಂಬಳದವರಲ್ಲ, ಸ್ವಯಂಸೇವಕರು. ಕೆಲಸ ಬಿಟ್ಟು, ಊಟದ ತಟ್ಟೆ ಬಿಟ್ಟು ಓಡಿಬರುವ ಊರಿನವರು. ನಿಮ್ಮಿಂದ ಬಿಡಿಗಾಸೂ ಕೇಳುವುದಿಲ್ಲ. ತಂಡ ನಡೆಯುವುದು ಬಹುಪಾಲು ದೇಣಿಗೆಯಿಂದ. ಆದ್ದರಿಂದ ನಿಜಕ್ಕೂ ಕಷ್ಟವಿದ್ದಾಗ ಕರೆಯಲು ಸಂಕೋಚ ಬೇಡ. ಆದರೆ ಟಾರ್ಚ್, ನಕ್ಷೆ, ಮಳೆಯಂಗಿ ಮರೆತು ಅವರ ನಿದ್ದೆ ಕೆಡಿಸುವುದೂ ಬೇಡ. ಹತ್ತುವ ಮುನ್ನ ಹವಾಮಾನ ನೋಡಿ. ಅನುಮಾನ ಬಂದರೆ ಹಿಂದಿರುಗಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.